ರಾಜನ ಮನೆಯ ಮದುವೆ

ಮಗಳ ಧಾರೆಯ ಹೊತ್ತಿಗೆ ಊರಿನಲ್ಲಿರಬೇಕು ಎಂಬ ಒಂದೇ ಆಸೆಗೆ ವಾರಿಜಾ ಗಲ್ಫಿನ ಖೈತಾನಿನ ಆ ಫ್ಲ್ಯಾಟಿನಲ್ಲಿ ಮನೆಗೆಲಸಕ್ಕೆ ನಿಂತು ಬಾಯಿ ಮುಚ್ಚಿಕೊಂಡು ದುಡಿದಳು. ರಜೆ ಕೊಡಬೇಕಾದವರು ಮನೆಯ ಯಜಮಾನ ಸುಂದರಣ್ಣ, ಅಲ್ಲೇ ಶರ್ಕ್‌ನ ಆಫೀಸಿನಲ್ಲಿ ದೊಡ್ಡ ಸಾಹೇಬರು. ಅವಳು ಆ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿ ಅವರ ಹೆಸರಿನಲ್ಲಿ, ಪಾಸ್‌ಪೋರ್ಟ್ ಅವರ ಬೀರುವಿನಲ್ಲಿ. ನಮ್ಮ ಊರಿನವಳು, ಮನೆಯವಳ ಹಾಗೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮನೆಯವಳಂತೆ, ಮಣ್ಣಂಗಟ್ಟಿ. ಮನೆಯವರ ಪಾಸ್‌ಪೋರ್ಟಿಗೆ ಯಾರಾದರೂ ಬೀಗ ಹಾಕುತ್ತಾರೆಯೇ?

ಸುಂದರಣ್ಣನಿಗೆ ಒಂದೇ ಹುಚ್ಚು, ಯಾವುದೋ ದೂರದೇಶದ ರಾಜನ ಬೆಳ್ಳಿ ನಾಣ್ಯಗಳು. ರಾಜ ಹುಟ್ಟಿದ್ದಕ್ಕೊಂದು, ಅವನ ಮದುವೆಗೊಂದು, ಎಪ್ಪತ್ತು ತುಂಬಿದ್ದಕ್ಕೊಂದು. ಅವನಿಗೆ ಸೀನು ಬಂದರೂ ಒಂದು ನಾಣ್ಯ ಹೊಡೆಸುತ್ತಿದ್ದರೋ ಏನೋ.

ಅಂತೂ ರಜೆ ಸಿಕ್ಕಿ ವಾರಿಜಾ ಊರಿಗೆ ಹೊರಡುವ ಮೊದಲಿನ ಶುಕ್ರವಾರ ಸುಂದರಣ್ಣ, ಹೆಂಡತಿ ಸುಗಂಧಿಯಕ್ಕ ಇಬ್ಬರೂ ಮಾಲ್‌ಗೆ ಹೋಗಿದ್ದರು. ನಾಣ್ಯಗಳ ಶೋಕೇಸಿಗೆ ಬೀಗ ಹಾಕಲು ಮರೆತಿದ್ದರು. ನಾಣ್ಯಗಳ ಅಂಚು ಕಪ್ಪಾಗಿದ್ದು ವಾರಿಜಾಳ ಕಣ್ಣಿಗೆ ಬಿತ್ತು. ಶುಭಕಾರ್ಯದ ಮೊದಲು ಮನೆಯ ಬೆಳ್ಳಿ ಬೆಳಗುವುದು ನಮ್ಮ ಕಡೆಯ ಪದ್ಧತಿ. ದೇವರ ದೀಪವನ್ನು ಹಲ್ಲುಪುಡಿ ಹಾಕಿ ತಿಕ್ಕಿದ್ದಕ್ಕೆ ಸುಗಂಧಿಯಕ್ಕ ಎಷ್ಟು ಹೊಗಳಿದ್ದರು. ಅಣ್ಣನಿಗೂ ಖುಷಿಯಾಗಲಿ ಎಂದು ಒಂದೊಂದೇ ನಾಣ್ಯವನ್ನು ಡಬ್ಬಿಯಿಂದ ತೆಗೆದು ರಾಜನ ಮುಖವನ್ನೆಲ್ಲ ಗಸಗಸ ತಿಕ್ಕಿಟ್ಟಳು. ಅಂಥ ನಾಣ್ಯಕ್ಕೆ ಬೆರಳು ತಾಗಿದರೂ ಕೆಟ್ಟಿತು ಎಂದು ಆ ಪಾಪದ ಹೆಂಗಸಿಗೆ ಯಾರು ಹೇಳಿದ್ದರು?

ಸುಂದರಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೀರುಬಿದ್ದ ನಾಣ್ಯಗಳನ್ನು ಬೆಳಕಿಗೆ ಹಿಡಿದು ನೋಡಿದರು, ಫೋನ್ ಮಾಡಿ ಅವಳ ಟಿಕೆಟ್ ಕ್ಯಾನ್ಸಲ್ ಮಾಡಿಸಿದರು. ವಾರಿಜಾ ಕಾಲು ಹಿಡಿದಳು. ಸುಗಂಧಿಯಕ್ಕ ಟೀವಿಯ ಸೌಂಡ್ ಜಾಸ್ತಿ ಮಾಡಿದರು.

ಮದುವೆಯ ದಿನ ಸುಂದರಣ್ಣ ಆಫೀಸಿಗೆ ರಜೆ ಹಾಕಿ ಮನೆಯಲ್ಲೇ ಕುಳಿತರು. ವಾರಿಜಾ ಅಡುಗೆಮನೆಯಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ವೀಡಿಯೊ ಕಾಲ್ ನೋಡುತ್ತಿದ್ದಳು. ಮಂಟಪದಲ್ಲಿ ಮಗಳು ಅಶ್ಮಿತಾ ಕೈ ನೀಡಿ ನಿಂತಿದ್ದಳು, ಧಾರೆಯ ಚೆಂಬು ಎತ್ತುವುದೊಂದು ಬಾಕಿ. ಆಗಲೇ ಹಾಲ್‌ನಿಂದ ಸುಂದರಣ್ಣ ಕರೆದರು. ಹಿಂದಿನ ದಿನ ಬಂದ ಪಾರ್ಸೆಲನ್ನು ಬಿಚ್ಚದೆ ಇಟ್ಟುಕೊಂಡಿದ್ದರು, ಈಗ ಬಿಚ್ಚಿದ್ದರು. ರಾಜನ ಮಗಳ ಮದುವೆಯ ನಾಣ್ಯ. ಅದರ ಮೇಲೆ ಮದುಮಗಳ ಪಕ್ಕದಲ್ಲಿ ತಾಯಿ ನಿಂತಿದ್ದಾಳೆ.

"ಬಾ ವಾರಿಜಾ," ಎಂದರು ಮೆಲ್ಲಗೆ. "ನಿನಗೆ ಮದುವೆ ನೋಡಬೇಕಿತ್ತಲ್ಲ. ಇಲ್ಲಿ ನಿಂತು ನೋಡು. ಮುಟ್ಟಬೇಡ."

ಅವಳು ಕೈ ಹಿಂದೆ ಕಟ್ಟಿ ನಿಂತಳು. ಅವರು ನಾಣ್ಯವನ್ನು ಅತ್ತಿತ್ತ ತಿರುಗಿಸಿ ತುಂಬ ಹೊತ್ತು ತೋರಿಸಿದರು. ಚಂದ ಉಂಟಾ ಎಂದು ಕೇಳಿದರು. ಚಂದ ಉಂಟು ಅಣ್ಣ ಎಂದಳು. ಅಡುಗೆಮನೆಗೆ ಮರಳಿದಾಗ ಮೊಬೈಲಿನಲ್ಲಿ ಧಾರೆ ಮುಗಿದು ಜನ ಊಟಕ್ಕೆ ಏಳುತ್ತಿದ್ದರು.