ಏಳನೇ ಮ್ಯಾಚು ಮತ್ತು ಸಮಾಧಾನನ ಮೀಸೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ಕೆನಡಾದಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಕಾಗವಾಡದಿಂದ ಶುರು ಮಾಡಿದರೆ, ಐಸ್ ಹಾಕಿ ಬಂದ ಕೂಡಲೇ 'ಈ ಲೇಖಕನಿಗೆ ಏನಾಯಿತು' ಅನ್ನುತ್ತೀರಿ. ಮೀಸೆಯಿಂದ ಶುರು ಮಾಡೋಣವೆಂದರೆ ಅದು ಈಗ ಇಲ್ಲ.

(ಗೊತ್ತಿಲ್ಲದವರಿಗೆ: ಐಸ್ ಹಾಕಿ ಎಂದರೆ ಮಂಜುಗಡ್ಡೆಯ ನೆಲದ ಮೇಲೆ, ಬೂಟಿನ ತಳಕ್ಕೆ ಅಲಗು ಹಾಕಿಕೊಂಡು ಜಾರುತ್ತ, ಚಪ್ಪಟೆ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಬಾರಿಸುವ ಆಟ. ಚಿಕ್ಕೋಡಿಯಲ್ಲಿ ಕೂತ ನನಗೂ ಇಷ್ಟೇ ಗೊತ್ತು.)

೨

ಮೊದಲ ಡ್ರಾಫ್ಟು ಹೀಗಿತ್ತು: 'ಸಮಾಧಾನ ಆ ಬಿಳಿ ಹಿಮದಲ್ಲಿ ತನ್ನನ್ನೇ ಹುಡುಕುತ್ತಿದ್ದ.' ಬರೆದು ಮೀಸೆ ತಿರುವಿಕೊಂಡೆ. ಕಥಾನಾಯಕ ಸಮಾಧಾನನೇ ಅದನ್ನು ಓದಿ ಬಿದ್ದು ಬಿದ್ದು ನಕ್ಕ.

"ಏನ್ ಬರದೀರಿ ಸರ? ನಾ ಏನೂ ನನ್ನ ಹುಡುಕಾಕತ್ತಿದ್ದಿಲ್ರಿ. ಕಂಪ್ರೆಸರ್ ರಿಪೇರಿ ವಿಡಿಯೋ ಹುಡುಕಾಕತ್ತಿದ್ದೆ."

ಸರಿ, ಡ್ರಾಫ್ಟು ಹರಿದೆ. ಕಾಗವಾಡದ ಸಮಾಧಾನ ಅಥಣಿ ಕಡೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಆಪರೇಟರ್. ಅಲ್ಲಿ ಒಣದ್ರಾಕ್ಷಿ ಇಡುತ್ತಾರೆ. ಒಂದು ದಿನ ಮೊಬೈಲಿನಲ್ಲಿ ಕೆನಡಾದ ಯಾವುದೋ ಸ್ಟೇಡಿಯಮ್ಮಿನ ಮಷೀನ್ ರೂಮ್ ಕಾಣಿಸಿತು. ತನ್ನಲ್ಲಿರುವಂಥದ್ದೇ ಅಮೋನಿಯಾ ಕಂಪ್ರೆಸರ್. ಅದರ ಮೇಲಿನ ಅಂತಸ್ತಿನಲ್ಲಿ ಮ್ಯಾಚು ನಡೆದಿತ್ತು.

"ನಮ್ಮ ಮಷೀನೇ ಸರ! ನಾವು ದ್ರಾಕ್ಷಿ ತಣ್ಣಗ ಇಡ್ತೀವಿ, ಅವ್ರು ನೆಲಾ ತಣ್ಣಗ ಇಡ್ತಾರ. ಅಷ್ಟ ಫರಕ."

ಅವತ್ತಿನಿಂದ ಆ ಸ್ಟೇಡಿಯಮ್ಮಿನ ತಂಡ 'ನಮ್ಮ ಟೀಮ್'. ಹೆಸರು ಬರೆಯಬೇಡಿ ಅಂದಿದ್ದಾನೆ. ಸೋತವರ ಹೆಸರು ಹೇಳಿ ಮಾನ ಕಳೆಯಬಾರದಂತೆ.

೩

ಪ್ಲೇಆಫ್ ಏಪ್ರಿಲ್‌ನಿಂದ ಜೂನ್‌ವರೆಗೆ. ಏಳು ಮ್ಯಾಚಿನಲ್ಲಿ ಯಾರು ಮೊದಲು ನಾಲ್ಕು ಗೆಲ್ಲುತ್ತಾರೋ ಅವರು ಮುಂದಿನ ಸುತ್ತಿಗೆ. ಇಂಥ ನಾಲ್ಕು ಸುತ್ತು. ಅಲ್ಲಿಯವರದು ಒಂದು ಪದ್ಧತಿ ಇದೆ: ಟೀಮ್ ಸೋತು ಹೊರಬೀಳುವವರೆಗೆ ಆಟಗಾರರು ಗಡ್ಡ ತೆಗೆಯುವುದಿಲ್ಲ. ಸಮಾಧಾನನೂ ಗಡ್ಡ ಬಿಟ್ಟ.

ಎರಡನೇ ಸುತ್ತಿನಲ್ಲಿ ಅವನ ಅಪ್ಪ ರಾಜಾರಾಮ ಎದೆ ಹಿಡಿದುಕೊಂಡು ಕೂತ. ಮೂವತ್ತು ವರ್ಷ ಕರೆಂಟಿನ ಕಂಬ ಹತ್ತಿ ಇಳಿದು ನಿವೃತ್ತನಾದ ಲೈನ್‌ಮನ್. ಮಿರಜಿನ ಆಸ್ಪತ್ರೆಯಲ್ಲಿ ಬೈಪಾಸ್ ಆಯಿತು, ಆಮೇಲೆ ಇನ್‌ಫೆಕ್ಷನ್, ಆಮೇಲೆ ಐಸಿಯು.

ಇಲ್ಲಿಂದ ಮುಂದೆ ಕಾಮಿಡಿ ಬರೆಯುವುದು ನನ್ನ ಪ್ಲ್ಯಾನು. ಏಕೆಂದರೆ ಆ ಗಡ್ಡ ಅಪ್ಪನ ಸಲುವಾಗಿ ಹೊತ್ತ ಹರಕೆ ಎಂದು ಇಡೀ ಓಣಿ ತೀರ್ಮಾನ ಮಾಡಿಬಿಟ್ಟಿತು. ತಾಯಿ ಸತ್ತೆವ್ವ ಮಗನ ಗದ್ದ ಹಿಡಿದು ಕೇಳಿದಳು:

"ಯಾವ ದೇವರಿಗೆ ಬೇಡ್ಕೊಂಡೀಯಪಾ?"

ಬಾಜೂಮನೆ ದುಂಡವ್ವ ಅಡ್ಡ ಬಂದಳು. "ಕೇಳಬ್ಯಾಡ ಬಿಡ. ಹರಕಿ ಬಾಯಿಬಿಟ್ಟ ಹೇಳಿದ್ರ ಫಲಾ ಇಲ್ಲ."

ಅಳುತ್ತಿರುವ ತಾಯಿಗೆ 'ಇದು ದೇವರಿಗಲ್ಲ, ಒಂದು ಟೀಮಿಗೆ' ಎಂದು ಸಮಾಧಾನ ಹೇಗೆ ಹೇಳುತ್ತಾನೆ? ಅದರ ಮೇಲೆ, ಟೀಮ್ ಗೆದ್ದ ದಿನ ಅಪ್ಪ ಎರಡು ಚಮಚ ಗಂಜಿ ಜಾಸ್ತಿ ಕುಡಿಯುತ್ತಿದ್ದ. ಹಾಗಾಗಿ ಯಾವುದು ಯಾರಿಗಾಗಿ ಎಂಬುದು ಅವನಿಗೇ ಕಲಸುಮೇಲೋಗರವಾಗಿತ್ತು. (ಇದನ್ನು ಬರೆಯುವಾಗ ನಾನು ಒಬ್ಬನೇ ಕೂತು ನಕ್ಕಿದ್ದೇನೆ. ಈಗ ನಾಚಿಕೆಯಾಗುತ್ತದೆ.)

೪

ಮೂರನೇ ಸುತ್ತು, ಮೂರು-ಮೂರು ಸಮ, ಏಳನೇ ಮ್ಯಾಚು. ಕೆನಡಾದ ಸಂಜೆ ನಮಗೆ ಬೆಳಗಿನ ಐದೂವರೆ. ಸಮಾಧಾನ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ನೋಡಿದ. ಪ್ಲೇಆಫ್‌ನಲ್ಲಿ ಡ್ರಾ ಇಲ್ಲ. ಗೋಲು ಬೀಳುವವರೆಗೆ ಆಡುತ್ತಲೇ ಇರಬೇಕು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಗೋಲು ಬಿತ್ತು, ನಮ್ಮ ಟೀಮಿನ ಬಲೆಗೆ. ಸೋತೆವು. ಅದೇ ಹೊತ್ತಿಗೆ ಚಾರ್ಜಿಲ್ಲದೆ ಮೊಬೈಲೂ ಸತ್ತಿತು.

ಪಾಳಿ ಬದಲಿಸಲು ನಿಪ್ಪಾಣಿಯಿಂದ ಬಂದ ಅಕ್ಕ ಪ್ರಾಜಕ್ತಾ ಅವನ ಮುಖ ನೋಡಿ ಗಾಬರಿಯಾದಳು.

"ಅಪ್ಪ ಅರಾಮ ಅದಾನಿಲ್ಲೋ? ಮತ್ಯಾಕ ಅಳಾಕತ್ತಿ?"

"ಅರಾಮ ಅದಾನ ಅಕ್ಕಾ. ನಿದ್ದಿ ಕೆಟ್ಟೈತಿ, ಅಷ್ಟ."

ಆಸ್ಪತ್ರೆಯವರು ಅಪ್ಪನ ಪೆನ್ಶನ್ ಕಾರ್ಡ್ ಕೇಳಿದ್ದರು. ಅದನ್ನು ತರಲು ಅವನು ಕಾಗವಾಡಕ್ಕೆ ಹೊರಟ. ಆದರೆ ಟೀಮ್ ಹೊರಬಿದ್ದ ಮೇಲೆ ಗಡ್ಡ ಇಟ್ಟುಕೊಳ್ಳುವುದು ನಿಯತ್ತಲ್ಲ. ಆಸ್ಪತ್ರೆಯ ಎದುರಿಗೇ ಒಂದು ಕಟಿಂಗ್ ಅಂಗಡಿ ಇತ್ತು.

೫

ಇಲ್ಲಿ ನಾನೂ ಸಮಾಧಾನನೂ ಜಗಳವಾಡಿದೆವು.

"ಮೀಸಿ ಬಿಡು ಅಂತ ಒಂದ ಮಾತ ಹೇಳಾಕ ನಿನಗೇನಾಗಿತ್ತೋ?" ಅಂದೆ ನಾನು.

"ಗಡ್ಡಾ ತಗೀರಿ ಅಂದೆ. ಕುರ್ಚಿಯಾಗ ಕುಂತ ಕೂಡ್ಲೇ ನಿದ್ದಿ ಹತ್ತೇತ್ರಿ. ನೀವ ಬರದೀರಲ್ಲ, ನೀವರ ಎಬ್ಬಸಬೇಕಿತ್ತಿಲ್ರಿ?"

ಅವನು ಹೇಳುವುದೂ ಖರೆ. ನಾನು ಎಬ್ಬಿಸಲಿಲ್ಲ.

ಅಂಗಡಿಯವನು ನೋಡಿದ್ದು ಇಷ್ಟು: ಅತ್ತು ಕೆಂಪಾದ ಕಣ್ಣು, ಕೊರಳಲ್ಲಿ ಐಸಿಯು ಪಾಸು. ಆ ಅಂಗಡಿಗೆ ಹಾಗೆ ಬರುವ ಗಂಡುಮಕ್ಕಳು ಒಂದೇ ಕೆಲಸಕ್ಕೆ ಬರುತ್ತಾರೆ. ಅಂಥವರನ್ನು ಯಾರು ಮಾತಾಡಿಸಿ ನೋಯಿಸುತ್ತಾರೆ? ಅವನು ಸುಮ್ಮನೆ ಗಡ್ಡ ತೆಗೆದ, ಮೀಸೆ ತೆಗೆದ, ತಲೆಗೆ ನೀರು ಹಚ್ಚಿದ. ಆಗ ಸಮಾಧಾನನಿಗೆ ಎಚ್ಚರವಾಯಿತು.

"ತಲಿಗ್ಯಾಕ ನೀರು?"

"ವಡೀಲ್ ಗೇಲೇ ನಾ, ದಾದಾ?" ಅಂದ ಅಂಗಡಿಯವನು ಮರಾಠಿಯಲ್ಲಿ, ಮೆಲ್ಲಗೆ. ತಂದೆ ಹೋದರಲ್ಲವೇ ಎಂದು.

ಸಮಾಧಾನ ಕನ್ನಡಿ ನೋಡಿದ. ಮೀಸೆಯ ಜಾಗ ತಡವಿಕೊಂಡ. ಅಪ್ಪ ಬದುಕಿರುವಾಗ ಮಗ ಮೀಸೆ ಬೋಳಿಸುವುದಿಲ್ಲ. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ತಲೆ ಮುಟ್ಟಗೊಡದೆ ಎದ್ದು, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಬಸ್ ಹತ್ತಿದ.

೬

ಸತ್ತೆವ್ವ ಹೊಸ್ತಿಲ ಒಳಗೆ ಕೂತು, ಸೊಪ್ಪಿನ ಎಲೆ ಬಿಡಿಸಿ ಮೆಂತ್ಯೆಪಲ್ಯ ಸೋಸುತ್ತಿದ್ದಳು. ನಾನು ಬರೆದುಕೊಂಡದ್ದು ಹೀಗಿತ್ತು: ಮಗ ಕರ್ಚೀಫು ಬಿಚ್ಚುತ್ತಾನೆ, ತಾಯಿ ಬೈಯುತ್ತಾಳೆ, ದುಂಡವ್ವ ನಗುತ್ತಾಳೆ, ಕಥೆ ಮುಗಿಯಿತು.

ಮಗ ಕರ್ಚೀಫು ಬಿಚ್ಚಿದ.

"ಅವ್ವಾ, ನೀ ತಿಳದಂಗ ಅಲ್ಲ..."

ಅವಳಿಗೆ ಕೇಳಿಸಲಿಲ್ಲ. ಎರಡೂ ಕೈ ಎತ್ತಿ ಹೊಸ್ತಿಲಿಗೆ ಬಡಿದಳು. ಹಸಿರು ಬಳೆಗಳು ಚೂರುಚೂರಾಗಿ ಮೆಂತ್ಯೆಪಲ್ಯದ ಮೇಲೆ ಬಿದ್ದವು. ತನ್ನ ಅಂಗೈಯಿಂದ ತಾನೇ ಹಣೆಯ ಕುಂಕುಮ ಒರೆಸಿಕೊಂಡಳು.

ಓದುಗರೇ, ಆಣೆ ಮಾಡಿ ಹೇಳುತ್ತೇನೆ, ಇದನ್ನು ನಾನು ಯೋಚಿಸಿರಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ. ಬಂದು ನೋಡಿದರೂ ಬಳೆ ಒಡೆದೇ ಇದ್ದವು.

"ಅಪ್ಪ ಅದಾನವಾ! ಬದುಕ್ಯಾನ! ಇದು ಹಾಕಿ ಸಲುವಾಗಿ!" ಸಮಾಧಾನ ಕೂಗುತ್ತಿದ್ದ.

"ಯಾವ ಹಾಕೀನೋ ಭಾಡ್ಯಾ?" ಓಡಿಬಂದ ದುಂಡವ್ವ ಕೇಳಿದಳು.

ಅವನು ಎಲ್ಲ ಹೇಳಿದ. ಕಂಪ್ರೆಸರ್, ಗಡ್ಡ, ಏಳನೇ ಮ್ಯಾಚು, ನಿದ್ದೆ. ಹರಕೆ ಯಾವುದೂ ಇರಲಿಲ್ಲ ಎಂಬುದನ್ನೂ ಹೇಳಿದ. ಸತ್ತೆವ್ವ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ತನ್ನ ಬರಿಗೈ ನೋಡುತ್ತ ಕೂತಳು. ಗಂಡ ಬದುಕಿರುವಾಗಲೇ ಹತ್ತು ನಿಮಿಷ ವಿಧವೆಯಾದವಳು ಏನು ಮಾಡಬೇಕು? ಓಣಿಯ ಎಲ್ಲ ಶಾಸ್ತ್ರ ಬಲ್ಲ ದುಂಡವ್ವನಿಗೂ ಗೊತ್ತಿರಲಿಲ್ಲ.

೭

ಅಂತ್ಯ ಒಂದು: ಮಧ್ಯಾಹ್ನ ರಾಜಾರಾಮ ತೀರಿಕೊಳ್ಳುತ್ತಾನೆ. ಮಗನ ಮೀಸೆ, ಹೆಂಡತಿಯ ಬಳೆ ಸೇರಿ ಕೊಂದವು ಎಂದು ಓಣಿ ಆಡಿಕೊಳ್ಳುತ್ತದೆ. ಬರೆದೆ, ಅಳಿಸಿದೆ. ಆ ಅಂತ್ಯದೊಳಗೆ ಸಮಾಧಾನ ಬದುಕಲಾರ.

ಅಂತ್ಯ ಎರಡು: ರಾಜಾರಾಮ ಅರಾಮಾಗಿ ಮನೆಗೆ ಬಂದು, ಮಗನ ಮೋರೆ ನೋಡಿ, "ನನ್ನ ಕಳಿಸೇಬಿಟ್ಟಿದ್ದೆಲ್ಲಲೇ!" ಎಂದು ನಗುತ್ತಾನೆ. ನನಗೆ ಇದೇ ಬೇಕು. ಆದರೆ ಬಹಳ ಬೇಗ ಬರೆದುಬಿಟ್ಟೆ, ಅದಕ್ಕೇ ನಂಬಿಕೆ ಬರುತ್ತಿಲ್ಲ.

ಅಂತ್ಯ ಮೂರು:

"ಏನ ಬರ್ಯಾಕತ್ತೀರಿ?" ಸತ್ತೆವ್ವ ನನ್ನ ಕಡೆ ತಿರುಗಿದಳು.

"ಮುಂದೇನಾತು ಅಂತ, ಅವ್ವಾರ."

"ನಿಮಗ ಗೊತ್ತೈತೇನ ಮುಂದಿಂದು?"

"ಇಲ್ರಿ."

"ಹಂಗಾರ ಸುಮ್ಕ ಕುಂಡ್ರರಿ. ದುಂಡವ್ವಾ, ಬೀಬಿಜಾನನ ಕರಕೊಂಡ ಬಾ. ಬಳಿ ತಗೊಂಡ ಬಾ ಅನ್ನು."

೮

ಬೀಬಿಜಾನ ಹಿಂದಿನ ಓಣಿಯ ಬಳೆಗಾರ್ತಿ. ಬಂದಳು, ಚೂರು ನೋಡಿದಳು, ಹುಡುಗನ ಮುಖ ನೋಡಿದಳು. ಸತ್ತೆವ್ವನ ಮಣಿಕಟ್ಟಿನ ರಕ್ತ ಒರೆಸಿ, ಬಾತ ಕೈಗೆ ಸಾಬೂನು ಹಚ್ಚಿ, ಹಸಿರು ಬಳೆಯೊಂದನ್ನು ಏರಿಸತೊಡಗಿದಳು.

ಆಗ ಗೋಡೆಯ ಮಾಡದಲ್ಲಿದ್ದ ಸತ್ತೆವ್ವನ ಮೊಬೈಲು ಹೊಡೆದುಕೊಂಡಿತು. ಆಸ್ಪತ್ರೆಯಿಂದ ಪ್ರಾಜಕ್ತಾ.

ಸಮಾಧಾನ ಕೈ ಚಾಚಿದ.

"ಮುಟ್ಟಬ್ಯಾಡ," ಅಂದಳು ಸತ್ತೆವ್ವ. "ಏನರ ಇರ್ಲಿ. ಬರಿಗೈಲೆ ನಾ ಕೇಳಂಗಿಲ್ಲ."

ಫೋನು ನಿಂತಿತು. ಮತ್ತೆ ಹೊಡೆದುಕೊಂಡಿತು. ನೀವು ನನ್ನ ಕಡೆ ನೋಡುತ್ತಿದ್ದೀರಿ, ಗೊತ್ತು. ಪ್ರಾಜಕ್ತಾ ಪೆನ್ಶನ್ ಕಾರ್ಡು ಎಲ್ಲಿ ಎಂದು ಕೇಳಲೂ ಮಾಡಿರಬಹುದು. ಮಾಡದಲ್ಲಿ ಫೋನು ಇಟ್ಟವನೇ ನಾನು, ನಾನಾದರೂ ಎತ್ತಬಹುದು. ನನಗೆ ಭಯವಾಗುತ್ತಿದೆ. ನಾನು ಎತ್ತುವುದಿಲ್ಲ, ನೀವೂ ಎತ್ತಬೇಡಿ.

"ಕೈ ಸಡ್ಲ ಬಿಡವಾ," ಬೀಬಿಜಾನ ಅವಳ ಬೆರಳುಗಳನ್ನು ಒತ್ತಿ ಕೂಡಿಸುತ್ತ ಅಂದಳು. "ಇನ್ನಾ ಒಂಬತ್ತ ಅದಾವ."