ಕಳೆದುಹೋದ ಬಳ್ಳಿಗಳು

ಕಂಪ್ಯೂಟರಿನಲ್ಲಿ ಕಸೂತಿಗೆ ಚಿತ್ತಾರ ಬರೆಯುವುದು ನನ್ನ ಕೆಲಸ. ಅವತ್ತು ಬೆಳಿಗ್ಗೆಯಿಂದ ಬರೆದದ್ದೆಲ್ಲ ಮಾಯವಾಗುತ್ತಿತ್ತು. ಹೂವಿನ ನಕಲು ತೆಗೆಯಲು ಕಂಟ್ರೋಲ್ ಜೊತೆ ಡಿ ಒತ್ತಿದರೆ ಒಮ್ಮೊಮ್ಮೆ ಪರದೆಯೇ ಖಾಲಿ! ಶಾಪ ಹಾಕುತ್ತ ಪ್ರೋಗ್ರಾಂ ತೆರೆದು ಮತ್ತೆ ಬೇರೆ ಬರೆಯುತ್ತಿದ್ದೆ.

"ನಿಮ್ದು ಬೆರಳಲ್ಲ ಅತ್ತಿಗೆ, ಒನಕೆ," ಎಂದು ಹೊಲಿಗೆ ಯಂತ್ರದ ಮುಂದಿದ್ದ ನಾದಿನಿ ನಕ್ಕಳು. "ಎರಡೆರಡು ಕೀ ಒಟ್ಟಿಗೇ ಒತ್ತುತ್ತೆ."

ನನಗೆ ಮೈ ಉರಿಯಿತು. ಅಷ್ಟರಲ್ಲಿ ಗಿರಾಕಿ ಹೆಂಗಸು ಬಂದು, ಪರದೆಯಲ್ಲಿ ಉಳಿದಿದ್ದ ಒಂದೇ ಬಳ್ಳಿ ಚಿತ್ತಾರಕ್ಕೆ ಮೂಗು ಮುರಿದಳು. ಅದನ್ನು ತುಸು ಸರಿಸೋಣವೆಂದು ಕಂಟ್ರೋಲ್ ಹಿಡಿದು ಎಡಬಾಣ ಒತ್ತಿದೆ. ಪರದೆ ಸರ್ರನೆ ಜರುಗಿತು. ಆಗಲೇ ಕಳೆದುಹೋಗಿದ್ದ ಬಳ್ಳಿ ಕಣ್ಣೆದುರು ನಿಂತಿತು!

ಬೆರಳು ನೋಡಿಕೊಂಡೆ. ಪಕ್ಕದ ವಿಂಡೋಸ್ ಕೀಯನ್ನೂ ಅದು ಒತ್ತಿ ಕೂತಿತ್ತು. ಅಂದರೆ ನಾನು ಏನನ್ನೂ ಅಳಿಸಿರಲಿಲ್ಲ. ಡಿ ಒತ್ತುವಾಗ ಆ ಕೀಯೂ ಸೇರಿದಾಗೆಲ್ಲ ಹೊಸ ಡೆಸ್ಕ್‌ಟಾಪ್, ಅಂದರೆ ಇನ್ನೊಂದು ಖಾಲಿ ಪರದೆ, ತೆರೆದು, ಹಳೆಯದನ್ನು ಹಿಂದೆ ಬಿಟ್ಟು ಬಂದಿದ್ದೆ, ಅಷ್ಟೇ.

"ಇನ್ನೂ ಇದಾವೆ, ನೋಡಿ," ಎಂದು ಗತ್ತಿನಿಂದ ಮತ್ತೆ ಬಾಣ ಒತ್ತಿದೆ. ಬೇರೊಂದು ಬಳ್ಳಿ. ಮತ್ತೊಮ್ಮೆ ಒತ್ತಿದೆ. ಜೋಡಿ ಹಕ್ಕಿ.

"ಅಯ್ಯೋ, ಇದೇ ಬೇಕು!" ಗಿರಾಕಿ ಕುರ್ಚಿಯಿಂದ ಎದ್ದೇಬಿಟ್ಟಳು.

ನಾದಿನಿ ಯಂತ್ರ ನಿಲ್ಲಿಸಿ ಓಡಿಬಂದಳು. "ಅತ್ತಿಗೆ, ನಂಗೂ ಹೇಳ್ಕೊಡಿ."

"ಹೇಳ್ಕೊಡ್ತಿದ್ದೆ ಕಣೇ. ಆದ್ರೆ ನಿನ್ನ ಕಡ್ಡಿ ಬೆರಳಿಗೆ ಇದು ಆಗಲ್ಲ. ಒನಕೆನೇ ಬೇಕು."