ಒಳ್ಳೆ ಕೇಸು

“ಲೇ ಮರಮ್ಮ, ಆ ಮುಲಾಮು ಇಡು ಇಲ್ಲಿ. ಹುಣ್ಣು ವಾಸಿಯಾಗ್ಬುಟ್ರೆ ಪರೀಕ್ಸೇಲಿ ನಿನ್ನ ಮೂತಿ ತೋರ್ಸನಾ?”

ಬೆಟ್ಟದಪುರದ ವಿರೂಪಾಕ್ಷ ಹೊಗೆಸೊಪ್ಪು ಒಣಗಿಸಿ ಹದಮಾಡುವ ತನ್ನ ಬ್ಯಾರನ್ ಮುಂದೆ ನಿಂತು ನೆಲ ತೋರಿಸಿದ. ಕೈಗೆ ಕೈ ತಾಕಬಾರದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಟ್ಯೂಬನ್ನು ಕೂಲಿಯಾಳು ಮರಮ್ಮ ನೆಲದ ಮೇಲಿಟ್ಟಳು. ಹಸಿ ಸೊಪ್ಪು ಮುರಿದು ಕಡ್ಡಿಗೆ ಕಟ್ಟಿ ಕಟ್ಟಿ ಅವಳ ಅಂಗೈ ಬತ್ತಿದ ಕೆರೆಯಂಗಳದ ಹಾಗೆ ಬಿರಿದಿತ್ತು. ಮುದ್ದೆ ಮುರಿಯಲಾಗದೆ ಸೊಸೆಯ ಕೈತುತ್ತಿಗೆ ಬಾಯಿ ತೆರೆಯುವಂತಾಗಿತ್ತು.

“ನಮ್ ಮಗ್ಳು ಶಾಂಭವಿ ಐದೂವರೆ ವರ್ಸ ಎಂಬಿಬಿಎಸ್ ಮಾಡವ್ಳೆ. ಆಮೇಲೆ ನೀಟ್ ಬರ್ದು ಮೂರು ವರ್ಸ ಎಂಡಿ. ಬರೀ ಚರ್ಮಕ್ಕೇ ಅಷ್ಟು ಓದು ಕಣಮ್ಮಿ. ಕೊನೇ ಪರೀಕ್ಸೇಲಿ ರೋಗಿ ನೋಡಿ ಏನ್ ರೋಗ ಅಂತ ಏಳ್ಬೇಕು. ನಿಂದು ಒಳ್ಳೆ ಕೇಸಂತೆ.”

“ಅಷ್ಟು ಓದೂ ಸಾಲ್ದೆ ನನ್ ಹುಣ್ಣೂ ಬೇಕಾಯ್ತಾ ಬುದ್ಧಿ?”

“ಬಾಯ್ಮುಚ್ಚು ಮುಂಡೆ. ಬರಾಕಿಲ್ಲ ಅಂದ್ರೆ ನಾಳೆಯಿಂದ ಬ್ಯಾರನ್ ಕಡೆ ತಲೆ ಆಕ್ಬೇಡ. ಪರೀಕ್ಸೆ ಮುಗೀಲಿ, ಅವ್ಳೇ ವಾಸಿ ಮಾಡ್ತಾಳೆ.”

ಮಾರಿಹಬ್ಬಕ್ಕೆ ಬಿಟ್ಟ ಮರಿಯ ಹಾಗೆ ಹುಣ್ಣು ಮೈತುಂಬಿಕೊಂಡಿತು. ವಿರೂಪಾಕ್ಷ ಬೆಳಗ್ಗೆ ಬಂದು ದೂರದಿಂದಲೇ ನೋಡಿ, “ಚೆನ್ನಾಗಾಯ್ತಾ ಅದೆ” ಎಂದು ಹೋಗುತ್ತಿದ್ದ.

ಪರೀಕ್ಷೆಯ ದಿನ ಅವನ ಹೆಂಡತಿ ಸುಂದ್ರಮ್ಮ ಕಾರಿನ ಹಿಂದಿನ ಸೀಟಿಗೆ ಗೊಬ್ಬರದ ಚೀಲ ಹಾಸಿದಳು. “ಒರಗ್ಬೇಡ ಕಣೇ, ಕೀವು ಅಂಟ್ಕತದೆ.”

ದಾರಿಯಲ್ಲಿ ಮರಮ್ಮ ಕಾರು ಓಡಿಸುತ್ತಿದ್ದ ವಿರೂಪಾಕ್ಷನನ್ನು ಕೇಳಿದಳು. “ಇವತ್ತು ಮುಲಾಮು ಕೊಡ್ತೀರಾ ಬುದ್ಧಿ?”

“ಅಕಸ್ಮಾತ್ ಫೇಲಾದ್ರೆ ಇನ್ನೊಂದ್ಸಲ ಕೂರ್ಬೇಕಾಯ್ತದೆ. ರಿಸಲ್ಟ್ ಬರೋಗಂಟ ಅಂಗೇ ಇರ್ಲಿ.”

ಮರಮ್ಮ ಒಂದೊಂದೇ ಬೆರಳು ಮಡಚಿ ಮುಷ್ಟಿ ಕಟ್ಟಿದಳು.

ಕಾಲೇಜಿನಲ್ಲಿ ಅವಳನ್ನು ಬಿಳಿ ಹಾಸಿನ ಮಂಚದ ಮೇಲೆ ಕೂರಿಸಿದರು. ಪಕ್ಕದಲ್ಲಿ ಕೈಗವಸು ತೊಟ್ಟ ಶಾಂಭವಿ, ಎದುರಿಗೆ ಪರವೂರಿನಿಂದ ಬಂದ ಪರೀಕ್ಷಕರು.

“ಕೈ ಬಿಚ್ಚು ಮರಮ್ಮ,” ಎಂದಳು ಶಾಂಭವಿ.

ಮರಮ್ಮ ಬಿಚ್ಚಲಿಲ್ಲ.

“ಯಾಕಮ್ಮ, ನೋವಾ? ಔಷಧಿ ಹಚ್ತಿಲ್ವಾ?” ಪರೀಕ್ಷಕರು ಕೇಳಿದರು.

“ಹಚ್ಚಕ್ಕೆ ಇವ್ರಪ್ಪ ಬುಡ್ನಿಲ್ಲ ಬುದ್ಧಿ. ಕಿತ್ಕಂಡು ಮಡೀಕಂಡವ್ರೆ. ಈ ಅವ್ವಾರ ಪರೀಕ್ಸೆಗೆ ಅಂತ ಸಾಕಿರೋ ಹುಣ್ಣು ಇದು. ಫೇಲಾದ್ರೆ ಇನ್ನೂ ಸಾಕ್ಬೇಕಂತೆ. ಮೊದ್ಲು ಮುಲಾಮು ಕೊಡ್ಸಿ, ಆಮೇಲೆ ಬಿಚ್ತೀನಿ.”

ಪರೀಕ್ಷಕರು ಶಾಂಭವಿಯ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿದರು. ಅವಳು ಬಗ್ಗಿ ಮರಮ್ಮನ ಕಿವಿಯ ಹತ್ತಿರ, “ದಮ್ಮಯ್ಯ ಅಂತೀನಿ, ಕೈ ಬಿಚ್ಚಿ ಮರಮ್ಮ” ಎಂದಳು.

ಆ ಮನೆಯವರ ಬಾಯಲ್ಲಿ ಬಹುವಚನ ಕೇಳಿದ್ದು ಅದೇ ಮೊದಲು. ಮರಮ್ಮ ಮುಷ್ಟಿಯನ್ನು ಇನ್ನೂ ಬಿಗಿದಳು. ಬೆರಳ ಸಂದಿಯಿಂದ ರಕ್ತ ಕೀವು ಇಳಿದು ಬಿಳಿ ಹಾಸಿನ ಮೇಲೆ ತೊಟ್ಟಿಕ್ಕತೊಡಗಿತು.